ಕ್ರೀಡಾಂಗಣ ಗ್ರಂಥಾಲಯವಾದ ಕಥೆ

ಅಮೆರಿಕದ ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ, ಶಿಕಾಗೊ ವಿಶ್ವವಿದ್ಯಾಲಯದ ಆವರಣದೊಳಗೆ, ಬೂದುಬಣ್ಣದ ಭಾರಿ ಕಟ್ಟಡವೊಂದಿದೆ. ಅದು 1970ರಲ್ಲಿ ಬಾಗಿಲು ತೆರೆದ ರೀಗನ್‌ಸ್ಟೈನ್ ಗ್ರಂಥಾಲಯ. ಅದರ ದಕ್ಷಿಣ ಏಷ್ಯಾ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳೂ ಇವೆ. ಅಮೆರಿಕದಿಂದ ತರಿಸಿಕೊಂಡ ಗೋಧಿಯ ಬೆಲೆಯನ್ನು ಭಾರತವು ರೂಪಾಯಿಯಲ್ಲೇ ತೀರಿಸುತ್ತಿದ್ದ ಪಿ.ಎಲ್. 480 ಯೋಜನೆ ಹಳಬರಿಗೆ ನೆನಪಿರಬಹುದು. ಹಾಗೆ ಕೂಡಿದ ರೂಪಾಯಿಗಳ ಒಂದು ಪಾಲಿನಲ್ಲಿ 1962ರಿಂದಾಚೆಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳಿಗೆ ಕಳುಹಿಸಲಾಯಿತು. ಶಿಕಾಗೊ ಅವುಗಳಲ್ಲಿ ಒಂದು. ಅದೇ 1962ರಲ್ಲಿ ಅಲ್ಲಿ ಅಧ್ಯಾಪಕರಾಗಿ ಸೇರಿದ ಎ.ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಅದೇ ವಿಶ್ವವಿದ್ಯಾಲಯದಲ್ಲಿದ್ದರು. ಶಿವಶರಣರ ವಚನಗಳನ್ನೂ ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಅವರು ಇಂಗ್ಲಿಷಿಗೆ ತಂದದ್ದು ಆ ಅವಧಿಯಲ್ಲೇ.

ಈ ಪುಸ್ತಕಗಳು ನಿಂತಿರುವ ನೆಲಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಇಲ್ಲಿ ಮೊದಲು ಇದ್ದದ್ದು ‘ಸ್ಟ್ಯಾಗ್ ಫೀಲ್ಡ್’ ಎಂಬ ಫುಟ್‌ಬಾಲ್ ಕ್ರೀಡಾಂಗಣ. ಐವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ ಈ ಅಂಗಳದಲ್ಲಿ ಶರತ್ಕಾಲದ ಶನಿವಾರಗಳಂದು ಹಬ್ಬದ ವಾತಾವರಣವಿರುತ್ತಿತ್ತು. ಟಿಕೆಟ್ ಹಣ ವಿಶ್ವವಿದ್ಯಾಲಯಕ್ಕೆ ಹರಿದುಬರುತ್ತಿತ್ತು. 1939ರ ಡಿಸೆಂಬರ್‌ನಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಆಟದ ದುಡ್ಡು ಪಾಠವನ್ನು ಸಾಕುತ್ತದೆಯೋ, ಪಾಠದ ದುಡ್ಡು ಆಟವನ್ನು ಸಾಕುತ್ತದೆಯೋ ಎಂದು ಅಮೆರಿಕದಲ್ಲಿ ನೂರು ವರ್ಷಕ್ಕೂ ಮೀರಿ ನಡೆದಿರುವ ವಾದದಲ್ಲಿ ಈ ಪ್ರಸಂಗ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ.

ನಮ್ಮ ಓದುಗರಿಗೆ ಈ ವಾದವೇ ವಿಚಿತ್ರವೆನಿಸಬಹುದು. ನಮ್ಮಲ್ಲಿ ಕಾಲೇಜು ಪ್ರವೇಶದ ರಸೀದಿಯಲ್ಲಿ ‘ಕ್ರೀಡಾ ಶುಲ್ಕ’ ಎಂಬ ಒಂದು ಸಾಲು ಇರುತ್ತದೆ. ಅಂತರ ಕಾಲೇಜು ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ನೋಡಲು ಬರುವವರು ಸಹಪಾಠಿಗಳು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಡಿಕ್ಕಿ ಹೊಡೆದು ಮುನ್ನುಗ್ಗುವ ಒರಟು ಆಟ. ಈ ಆಟ ಹುಟ್ಟಿ ಬೆಳೆದದ್ದೇ ಕಾಲೇಜುಗಳ ಅಂಗಳದಲ್ಲಿ. ಹಾಗಾಗಿ ಅದರಿಂದ ಬರುವ ಹಣ ಮೊದಲಿನಿಂದಲೂ ವಿದ್ಯಾಸಂಸ್ಥೆಗಳ ಕೈ ಸೇರಿತು.

ರೈಲ್ವೆ ಕಂಪನಿಯ ಖರ್ಚಿನಲ್ಲಿ ಮೊದಲ ಪಂದ್ಯ

ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ 1852ರ ಆಗಸ್ಟ್ 3ರ ದೋಣಿ ಪಂದ್ಯ. ನ್ಯೂ ಹ್ಯಾಂಪ್‌ಶೈರ್‌ನ ವಿನಪಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ಹುಟ್ಟುಹಾಕಿದರು, ಹಾರ್ವರ್ಡ್ ಗೆದ್ದಿತು. ಸ್ಪರ್ಧಿಗಳ ಪ್ರಯಾಣ, ವಸತಿಯ ಖರ್ಚು ಭರಿಸಿದ್ದು ಆ ಸರೋವರದ ಕಡೆಗೆ ಹಳಿ ಹಾಕಿದ್ದ ಒಂದು ರೈಲ್ವೆ ಕಂಪನಿ. ಪಂದ್ಯ ನೋಡಲು ಜನ ಬಂದರೆ ರೈಲು ಟಿಕೆಟ್ ಮಾರಾಟವಾಗುತ್ತದೆ ಎಂಬುದೇ ಅದರ ಲೆಕ್ಕಾಚಾರ. ಕಾಲೇಜು ಕ್ರೀಡೆಗೆ ಹಣದ ನಂಟು ನಡುವೆ ಎಲ್ಲೋ ಅಂಟಿಕೊಂಡದ್ದಲ್ಲ, ಮೊದಲ ದಿನದಿಂದಲೇ ಇತ್ತು ಎಂಬುದಕ್ಕೆ ಇತಿಹಾಸಕಾರರು ಈ ಪಂದ್ಯವನ್ನು ಉದಾಹರಿಸುತ್ತಾರೆ.

1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಮೊದಲ ಫುಟ್‌ಬಾಲ್ ಪಂದ್ಯ ಆಡಿದವು. ಆಗೆಲ್ಲ ತಂಡ ಕಟ್ಟುವುದು, ಹಣ ಕೂಡಿಸುವುದು ವಿದ್ಯಾರ್ಥಿಗಳದ್ದೇ ಕೆಲಸ. ಮುಂದಿನ ಎರಡು ದಶಕಗಳಲ್ಲಿ ಪಂದ್ಯಗಳಿಗೆ ಸಾವಿರಾರು ಜನ ಸೇರತೊಡಗಿದಾಗ ಆಡಳಿತದವರ ಕಣ್ಣು ಅತ್ತ ಹೊರಳಿತು. ಜನಕ್ಕೆ ವಿಶ್ವವಿದ್ಯಾಲಯದ ಪ್ರಯೋಗಾಲಯ ಕಾಣುವುದಿಲ್ಲ, ತಂಡ ಕಾಣುತ್ತದೆ. ಪತ್ರಿಕೆಗಳು ಪ್ರಾಧ್ಯಾಪಕರ ಉಪನ್ಯಾಸವನ್ನು ವರದಿ ಮಾಡುವುದಿಲ್ಲ, ಪಂದ್ಯದ ಫಲಿತಾಂಶವನ್ನು ಮಾಡುತ್ತವೆ. ಈ ಸತ್ಯವನ್ನು ಬಹಳ ಬೇಗ ಅರ್ಥ ಮಾಡಿಕೊಂಡವರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಒಬ್ಬರು.

ಹೀಬ್ರೂ ಪಂಡಿತ ಮತ್ತು ಆಟಗಾರ

ಹಾರ್ಪರ್ ಹೀಬ್ರೂ ಭಾಷೆಯ ವಿದ್ವಾಂಸರು. ಹದಿನೆಂಟನೆಯ ವಯಸ್ಸಿಗೇ ಯೇಲ್‌ನಿಂದ ಡಾಕ್ಟರೇಟ್ ಪಡೆದವರು. ತೈಲೋದ್ಯಮಿ ಜಾನ್ ಡಿ. ರಾಕ್‌ಫೆಲರ್ ಕೊಟ್ಟ ಹಣದಿಂದ ಆರಂಭವಾದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1892ರ ಅಕ್ಟೋಬರ್ 1ರಂದು ತರಗತಿಗಳು ಶುರುವಾದವು. ದೇಶದ ಹೆಸರಾಂತ ಪಂಡಿತರನ್ನು ಹೆಚ್ಚಿನ ಸಂಬಳಕ್ಕೆ ಕರೆತಂದ ಹಾರ್ಪರ್, ಅದೇ ಉತ್ಸಾಹದಿಂದ ಒಬ್ಬ ಆಟಗಾರನನ್ನೂ ಕರೆತಂದರು. ಆತ ಏಮಸ್ ಅಲೊಂಜೊ ಸ್ಟ್ಯಾಗ್, ಯೇಲ್‌ನಲ್ಲಿ ಹಾರ್ಪರ್ ಅವರ ಶಿಷ್ಯ. ಪಾದ್ರಿಯಾಗಲು ಓದುತ್ತಿದ್ದು, ಭಾಷಣ ತನಗೆ ಒಗ್ಗದೆಂದು ಕ್ರೀಡೆಯತ್ತ ತಿರುಗಿದವರು. ವರ್ಷಕ್ಕೆ 2,500 ಡಾಲರ್ ಸಂಬಳ, ಅಸೋಸಿಯೇಟ್ ಪ್ರೊಫೆಸರ್ ದರ್ಜೆ, ಜೊತೆಗೆ ಕಾಯಂ ನೇಮಕ. ಫುಟ್‌ಬಾಲ್ ತರಬೇತುದಾರನೊಬ್ಬನಿಗೆ ಪ್ರಾಧ್ಯಾಪಕರ ಸ್ಥಾನಮಾನ ಕೊಟ್ಟದ್ದು ಅಮೆರಿಕದಲ್ಲಿ ಅದೇ ಮೊದಲು.

ಮೊದಲ ವರ್ಷ ಆಟಗಾರರ ಕೊರತೆಯಿಂದ ಸ್ಟ್ಯಾಗ್ ಸ್ವತಃ ಅಂಗಳಕ್ಕಿಳಿದು ಆಡಬೇಕಾಯಿತು. ಶಿಕಾಗೊದ ದೊಡ್ಡ ವ್ಯಾಪಾರಿ ಮಾರ್ಷಲ್ ಫೀಲ್ಡ್ ಅವರ ಜಾಗದಲ್ಲಿ ಮೈದಾನ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ತಂಡ ಮಧ್ಯಪಶ್ಚಿಮ ಭಾಗದ ಬಲಿಷ್ಠ ತಂಡಗಳಲ್ಲೊಂದಾಯಿತು. 1895ರಲ್ಲಿ ನಡೆಯಿತೆನ್ನುವ ಒಂದು ಪ್ರಸಂಗವನ್ನು ಬಹಳ ಸಲ ಹೇಳಲಾಗಿದೆ. ರಾಕ್‌ಫೆಲರ್ ಇನ್ನೂ ಮೂವತ್ತು ಲಕ್ಷ ಡಾಲರ್ ಕೊಡಲು ಮುಂದಾಗಿದ್ದ ಹೊತ್ತು. ವಿಸ್ಕಾನ್ಸಿನ್ ವಿರುದ್ಧದ ಪಂದ್ಯದಲ್ಲಿ ಅರ್ಧವೇಳೆಗೆ ಶಿಕಾಗೊ ಹಿಂದಿತ್ತು. ಹಾರ್ಪರ್ ಆಟಗಾರರ ಕೋಣೆಗೆ ಹೋಗಿ, ದಾನಿಗೆ ಈ ಸಂಸ್ಥೆಯ ಮೇಲಿರುವ ನಂಬಿಕೆಗೆ ನಿಮ್ಮ ಆಟ ತಕ್ಕುದಾಗಿದೆಯೇ ಎಂದು ಕೇಳಿದರಂತೆ. ತಂಡ ಮರಳಿ ಬಂದು ಗೆದ್ದಿತಂತೆ. ಕಥೆ ಅಕ್ಷರಶಃ ಹೀಗೇ ನಡೆಯಿತೋ ಇಲ್ಲವೋ, ದಾನ ಮತ್ತು ಗೆಲುವು ಎರಡೂ ಹಾರ್ಪರ್ ಅವರ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲಿದ್ದವು ಎಂಬುದನ್ನು ಅದು ಹೇಳುತ್ತದೆ.

1905ರ ನವೆಂಬರ್ 30ರಂದು ಶಿಕಾಗೊ ತಂಡ ಮಿಷಿಗನ್ ತಂಡವನ್ನು 2-0 ಅಂತರದಿಂದ ಸೋಲಿಸಿತು. ಅದಕ್ಕೆ ಮುಂಚೆ ಮಿಷಿಗನ್ ಸತತ 56 ಪಂದ್ಯಗಳಲ್ಲಿ ಸೋತಿರಲಿಲ್ಲ. ಸುಮಾರು 27,000 ಜನ ಕೊರೆಯುವ ಚಳಿಯಲ್ಲಿ ಆ ಆಟ ನೋಡಿದರು. ಕ್ಯಾನ್ಸರ್‌ನಿಂದ ನರಳುತ್ತ ಹಾಸಿಗೆ ಹಿಡಿದಿದ್ದ ಹಾರ್ಪರ್ ಆರು ವಾರಗಳ ತರುವಾಯ, 1906ರ ಜನವರಿ 10ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ವ್ಯವಸ್ಥೆಯಲ್ಲಿ ಕ್ರೀಡಾ ವಿಭಾಗ ಸ್ಟ್ಯಾಗ್ ಅವರ ಸ್ವಂತ ಸಂಸ್ಥಾನದಂತಿತ್ತು. ಅಧ್ಯಾಪಕರ ಸಭೆಗೆ ತಾನು ಉತ್ತರದಾಯಿಯಲ್ಲ, ಅಧ್ಯಕ್ಷರಿಗೆ ಮತ್ತು ಧರ್ಮದರ್ಶಿಗಳಿಗೆ ಮಾತ್ರ ಎಂಬುದು ಅವರ ನಿಲುವು. ಟಿಕೆಟ್ ವಸೂಲಿ ಚೆನ್ನಾಗಿದ್ದಷ್ಟು ದಿನ ಈ ನಿಲುವನ್ನು ಪ್ರಶ್ನಿಸುವ ಧೈರ್ಯ ಹೆಚ್ಚು ಜನಕ್ಕೆ ಬರಲಿಲ್ಲ.

ಅದೇ 1905ರಲ್ಲಿ ಆಟದ ಒರಟುತನ ದೇಶದ ಚರ್ಚೆಯ ವಿಷಯವಾಯಿತು. ಅಂಗಳದಲ್ಲಿ ಹುಡುಗರು ಸಾಯುತ್ತಿದ್ದರು. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮುಂದೆ ಎನ್‌ಸಿಎಎ ಎಂದು ಹೆಸರಾದ ಕಾಲೇಜು ಕ್ರೀಡಾ ಸಂಘಟನೆ 1906ರಲ್ಲಿ ರೂಪುಗೊಂಡಿತು. ಶಿಕಾಗೊ, ಮಿಷಿಗನ್ ಮುಂತಾದ ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡಿದ್ದ, ಇಂದು ‘ಬಿಗ್ ಟೆನ್’ ಎನ್ನಲಾಗುವ ಒಕ್ಕೂಟವೂ ಅದೇ ವರ್ಷ ಕಠಿಣ ನಿಯಮಗಳನ್ನು ತಂದಿತು. ಒಂದು ಋತುವಿಗೆ ಐದೇ ಪಂದ್ಯ, ತರಬೇತುದಾರನಿಗೆ ಮಿತವಾದ ಸಂಬಳ ಎಂದು ಗೊತ್ತುಮಾಡಿತು. ಪರಿಣಾಮವೇನಾಯಿತು? ಮಿಷಿಗನ್ ಮುನಿಸಿಕೊಂಡು ಒಕ್ಕೂಟದಿಂದಲೇ ಹೊರನಡೆಯಿತು, ಮರಳಿದ್ದು 1917ರಲ್ಲಿ. ಅಷ್ಟರೊಳಗೆ ನಿಯಮಗಳೂ ಸಡಿಲಗೊಂಡಿದ್ದವು.

ಸಾಲದ ಮೇಲೆ ಎದ್ದ ಗ್ಯಾಲರಿಗಳು

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕ್ರೀಡಾಂಗಣ ಕಟ್ಟುವ ಹುಚ್ಚು ಹಿಡಿಯಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ್ದು 1922ರಲ್ಲಿ, ಇಲಿನಾಯ್‌ನದು ಅದರ ಮರುವರ್ಷ ಬಳಕೆಗೆ ಬಂತು. ಮಿಷಿಗನ್ 1927ರಲ್ಲಿ 72,000 ಆಸನಗಳ ಕ್ರೀಡಾಂಗಣ ಕಟ್ಟಿತು. ಅದಕ್ಕೆ ಹಣ ಕೂಡಿಸಿದ ರೀತಿ ಗಮನಾರ್ಹ. ತಲಾ 500 ಡಾಲರ್‌ನ 3,000 ಬಾಂಡ್‌ಗಳನ್ನು ಸಾರ್ವಜನಿಕರಿಗೆ ಮಾರಲಾಯಿತು. ಬಾಂಡ್ ಕೊಂಡವರಿಗೆ ಬಡ್ಡಿಯ ಜೊತೆಗೆ ಒಳ್ಳೆಯ ಜಾಗದ ಟಿಕೆಟ್ ಕೊಳ್ಳುವ ಹಕ್ಕೂ ಸಿಕ್ಕಿತು. ಅಂದರೆ ಕ್ರೀಡಾಂಗಣ ಎದ್ದದ್ದು ಮುಂದೆ ಬರುವ ಪ್ರೇಕ್ಷಕರ ಭರವಸೆಯ ಮೇಲೆ.

ಸಂಬಂಧ ತಲೆಕೆಳಗಾದದ್ದು ಇಲ್ಲಿಂದ ಎನ್ನಬಹುದು. ಅದುವರೆಗೆ ಪಂದ್ಯದ ಹಣ ಒಂದು ಮೇಲು ಆದಾಯ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾಲ ಮಾಡಿ ಗ್ಯಾಲರಿ ಕಟ್ಟಿದ ಮೇಲೆ ಕಂತು ಕಟ್ಟಲೇಬೇಕು. ಕಂತು ಕಟ್ಟಲು ಜನ ಬರಬೇಕು, ಜನ ಬರಲು ತಂಡ ಗೆಲ್ಲಬೇಕು. ಗೆಲ್ಲಲು ಒಳ್ಳೆಯ ಆಟಗಾರರನ್ನು ಎಲ್ಲಿಂದಲಾದರೂ ತರಬೇಕು, ತಂದವರನ್ನು ಪರೀಕ್ಷೆಯಲ್ಲಿ ಹೇಗಾದರೂ ಪಾಸು ಮಾಡಿಸಬೇಕು. ಹೀಗೆ ಗ್ಯಾಲರಿಯ ಕಾಂಕ್ರೀಟು ತರಗತಿಯ ಅಂಕಪಟ್ಟಿಯ ಮೇಲೂ ಭಾರ ಹಾಕತೊಡಗಿತು.

ಇದನ್ನು ವಿವರವಾಗಿ ಬಯಲಿಗೆಳೆದದ್ದು ಕಾರ್ನೆಗಿ ಪ್ರತಿಷ್ಠಾನದ ವರದಿ. ಹೊವರ್ಡ್ ಸ್ಯಾವೇಜ್ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಭೇಟಿ ಕೊಟ್ಟು ಸಿದ್ಧಪಡಿಸಿದ ಈ ವರದಿ ಹೊರಬಂದದ್ದು 1929ರ ಅಕ್ಟೋಬರ್ 24ರಂದು. ನ್ಯೂಯಾರ್ಕ್ ಷೇರುಪೇಟೆ ಕುಸಿಯಲು ಆರಂಭಿಸಿದ್ದೂ ಅದೇ ದಿನ. ಬಹುಪಾಲು ಕಾಲೇಜುಗಳು ಆಟಗಾರರಿಗೆ ಒಂದಲ್ಲ ಒಂದು ರೂಪದಲ್ಲಿ ಗುಟ್ಟಾಗಿ ಹಣ ಕೊಡುತ್ತಿವೆ, ಇಲ್ಲದ ಕೆಲಸದ ಹೆಸರಿನಲ್ಲಿ ಸಂಬಳ ತೋರಿಸುತ್ತಿವೆ, ಹಳೆಯ ವಿದ್ಯಾರ್ಥಿಗಳು ಗುಪ್ತನಿಧಿ ಇಟ್ಟುಕೊಂಡಿದ್ದಾರೆ ಎಂದು ವರದಿ ಬರೆಯಿತು. ದೋಷವನ್ನು ಅದು ಆಟಗಾರರ ತಲೆಗೆ ಕಟ್ಟಲಿಲ್ಲ. ಇದನ್ನು ತಡೆಯಬೇಕಾದವರು ಕಾಲೇಜುಗಳ ಅಧ್ಯಕ್ಷರು ಮತ್ತು ಅಧ್ಯಾಪಕರು ಎಂದಿತು. ಪತ್ರಿಕೆಗಳಲ್ಲಿ ಕೆಲವು ವಾರ ಗದ್ದಲವಾಯಿತು. ನಂತರ ಎಲ್ಲ ಮೊದಲಿನಂತೆ ನಡೆಯಿತು.

ಮೂವತ್ತರ ಹರೆಯದ ಅಧ್ಯಕ್ಷ

ಆ 1929ರಲ್ಲೇ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೊಸ ಅಧ್ಯಕ್ಷರು ಬಂದರು. ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರಿಗೆ ಆಗ ಕೇವಲ ಮೂವತ್ತು ವರ್ಷ. ಪದವಿ ಶಿಕ್ಷಣವನ್ನು ಬುಡದಿಂದ ಬದಲಿಸಿದ ಅವರು, ಹಾಜರಾತಿಗಿಂತ ಸಮಗ್ರ ಪರೀಕ್ಷೆಗೆ ಮಹತ್ವ ಕೊಟ್ಟರು. ಇತರ ವಿಶ್ವವಿದ್ಯಾಲಯಗಳಲ್ಲಿ ಆಟಗಾರರು ದೈಹಿಕ ಶಿಕ್ಷಣವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿ ಪಡೆಯಬಹುದಾಗಿತ್ತು. ಶಿಕಾಗೊದಲ್ಲಿ ಆ ದಾರಿ ಇರಲಿಲ್ಲ. ನಿವೃತ್ತಿ ವಯಸ್ಸಿನ ನಿಯಮದಂತೆ 1932ರ ಋತು ಮುಗಿದ ಮೇಲೆ ಎಪ್ಪತ್ತು ತುಂಬಿದ್ದ ಸ್ಟ್ಯಾಗ್ ಅವರಿಗೂ ವಿದಾಯ ಹೇಳಲಾಯಿತು. ಅವರು ಮನೆಯಲ್ಲಿ ಕೂರದೆ ಕ್ಯಾಲಿಫೋರ್ನಿಯದ ಪೆಸಿಫಿಕ್ ಕಾಲೇಜಿಗೆ ಹೋಗಿ ಅಲ್ಲಿ ತಂಡ ಕಟ್ಟಿದರು. 1938ರಲ್ಲಿ ಆ ತಂಡವನ್ನು ಕರೆತಂದು, ತಮ್ಮದೇ ಹೆಸರು ಹೊತ್ತ ಅಂಗಳದಲ್ಲಿ ಶಿಕಾಗೊವನ್ನು ಸೋಲಿಸಿದರು.

1935ರಲ್ಲಿ, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ, ಈಗ ಹೈಸ್‌ಮನ್ ಹೆಸರಿನಲ್ಲಿರುವ ಪ್ರಶಸ್ತಿಯನ್ನು ಮೊತ್ತಮೊದಲು ಪಡೆದದ್ದು ಶಿಕಾಗೊದ ಜೇ ಬರ್ವಾಂಗರ್. ಆದರೆ ತಂಡ ಸೋಲುತ್ತಲೇ ಇತ್ತು. ಒಕ್ಕೂಟದ ಪ್ರಶಸ್ತಿ ಗೆದ್ದು ಆಗಲೇ ಹತ್ತು ವರ್ಷ ದಾಟಿತ್ತು. ನಗರದಲ್ಲಿ ವೃತ್ತಿಪರ ತಂಡಗಳು ಬೇರೂರಿ ಪ್ರೇಕ್ಷಕರನ್ನು ಸೆಳೆದಿದ್ದವು. 1938ರ ಡಿಸೆಂಬರ್‌ನಲ್ಲಿ ಹಚಿನ್ಸ್ ‘ಸ್ಯಾಟರ್ಡೆ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ಆಟಕ್ಕೆ ಹತ್ತಿದ ರೋಗ ಹಣ ಎಂದು ನೇರವಾಗಿ ಹೇಳಿದರು. ಅವರು ಸೂಚಿಸಿದ ಮದ್ದು ಎರಡು. ಪ್ರವೇಶ ದರವನ್ನು ಹತ್ತು ಸೆಂಟ್‌ಗೆ ಇಳಿಸುವುದು ಒಂದು. ತರಬೇತುದಾರರಿಗೆ ಅಧ್ಯಾಪಕರಂತೆ ಕಾಯಂ ನೌಕರಿ ಕೊಟ್ಟು, ಟಿಕೆಟ್ ವಸೂಲಿಗೂ ಅವರ ಹೊಟ್ಟೆಪಾಡಿಗೂ ಸಂಬಂಧ ತಪ್ಪಿಸುವುದು ಇನ್ನೊಂದು.

ಎರಡನೆಯ ಮದ್ದನ್ನು ನಲವತ್ತಾರು ವರ್ಷ ಹಿಂದೆಯೇ ಅವರದೇ ವಿಶ್ವವಿದ್ಯಾಲಯದಲ್ಲಿ ಪ್ರಯೋಗಿಸಲಾಗಿತ್ತು ಎಂಬುದು ಇಲ್ಲಿನ ವಿಪರ್ಯಾಸ. ಸ್ಟ್ಯಾಗ್ ಅವರದು ಕಾಯಂ ಹುದ್ದೆಯೇ. ಸೋತರೂ ಅವರ ಕೆಲಸಕ್ಕೆ ಸಂಚಕಾರವಿರಲಿಲ್ಲ. ಆದರೂ ಅವರ ಆಳ್ವಿಕೆಯಲ್ಲೇ ಗ್ಯಾಲರಿಗಳು ಮತ್ತೆ ಮತ್ತೆ ಹಿಗ್ಗಿದವು. ನೌಕರಿ ಕಾಯಂ ಆದ ಮಾತ್ರಕ್ಕೆ ಹಣದ ಸೆಳೆತ ತಪ್ಪುವುದಿಲ್ಲ ಎಂಬುದಕ್ಕೆ ಸಾಕ್ಷಿ ಅಧ್ಯಕ್ಷರ ಕಚೇರಿಯಿಂದ ನಡೆದುಹೋಗುವಷ್ಟು ದೂರದಲ್ಲೇ ನಿಂತಿತ್ತು.

1939ರ ಋತು ಶಿಕಾಗೊ ಪಾಲಿಗೆ ಅವಮಾನದ ಸರಮಾಲೆಯಾಯಿತು. ಮಿಷಿಗನ್ ವಿರುದ್ಧ 85-0, ಒಹಾಯೊ ವಿರುದ್ಧ 61-0, ಹಾರ್ವರ್ಡ್ ವಿರುದ್ಧವೂ 61-0. ವಿಶಾಲ ಗ್ಯಾಲರಿ ಖಾಲಿ ಹೊಡೆಯುತ್ತಿತ್ತು. ಡಿಸೆಂಬರ್ 21ರಂದು ಧರ್ಮದರ್ಶಿಗಳ ಮಂಡಳಿ ಅಂತರ ಕಾಲೇಜು ಫುಟ್‌ಬಾಲನ್ನು ನಿಲ್ಲಿಸುವ ತೀರ್ಮಾನ ಪ್ರಕಟಿಸಿತು. ಆಗ ಶಿಕಾಗೊದ ತರಬೇತುದಾರರಾಗಿದ್ದ ಕ್ಲಾರ್ಕ್ ಶಾನೆಸ್ಸಿ ಮರುವರ್ಷ ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಅಲ್ಲಿ ಒಂದೂ ಪಂದ್ಯ ಸೋಲದೆ ಇಡೀ ಋತುವನ್ನು ಗೆದ್ದರು. ಕೊರತೆ ಇದ್ದದ್ದು ತರಬೇತಿಯಲ್ಲಲ್ಲ, ಆಟಕ್ಕಾಗಿಯೇ ವಿದ್ಯಾರ್ಥಿಗಳನ್ನು ತರುವ ಮನಸ್ಸಿನಲ್ಲಿ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ತತ್ವವೋ, ಲೆಕ್ಕವೋ?

ಈ ತೀರ್ಮಾನವನ್ನು ಹಚಿನ್ಸ್ ಅವರ ಧೈರ್ಯಕ್ಕೆ ಸಾಕ್ಷಿಯೆಂದು ಹೊಗಳಿದವರು ಬಹಳ. ಆದರೆ ಲೆಕ್ಕದ ಪುಸ್ತಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ತಂಡ ಗೆಲ್ಲುತ್ತ, ಗ್ಯಾಲರಿ ತುಂಬುತ್ತಿದ್ದ 1905ರಲ್ಲಾಗಲೀ 1924ರಲ್ಲಾಗಲೀ ಆಟ ಬಿಡುವ ಮಾತು ಅಲ್ಲಿ ನಡೆಯಲಿಲ್ಲ. ವಸೂಲಿ ಬಿದ್ದುಹೋದ ಮೇಲೆ ತತ್ವಕ್ಕೂ ಲೆಕ್ಕಕ್ಕೂ ತಾಳೆಯಾಯಿತು. ಜೊತೆಗೆ ರಾಕ್‌ಫೆಲರ್ ದತ್ತಿಯ ಬೆಂಬಲವಿತ್ತು. ರಾಜ್ಯ ಸರ್ಕಾರದ ಅನುದಾನಕ್ಕಾಗಿ ಶಾಸಕರನ್ನು ಮೆಚ್ಚಿಸುವ ಗರಜು ಖಾಸಗಿ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ. ಮಿಷಿಗನ್ ಅಥವಾ ಒಹಾಯೊ ಅಧ್ಯಕ್ಷರು ಇದೇ ಮಾತಾಡಿದ್ದರೆ ಅವರ ಕುರ್ಚಿ ಉಳಿಯುತ್ತಿತ್ತೇ ಎಂಬುದು ಅನುಮಾನ.

ಹಾಗೆಂದು ಹಚಿನ್ಸ್ ಮಾಡಿದ್ದು ಸಣ್ಣದಲ್ಲ. ಸೋಲುತ್ತಿದ್ದ ತಂಡಗಳು ಬೇರೆ ಕಡೆಯೂ ಇದ್ದವು. ಅಲ್ಲೆಲ್ಲ ಪರಿಹಾರವೆಂದು ಮಾಡಿದ್ದು ಇನ್ನಷ್ಟು ಹಣ ಸುರಿಯುವುದು, ಹೊಸ ತರಬೇತುದಾರನನ್ನು ತರುವುದು. ನಷ್ಟದ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡದೆ ನಿಂತದ್ದು ಶಿಕಾಗೊ. ಆಟವನ್ನೂ ಅದು ಬಿಡಲಿಲ್ಲ. ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಆಡುವ ಪಂದ್ಯಗಳು, ಬೇರೆ ಕ್ರೀಡೆಗಳು ಮುಂದುವರಿದವು. 1946ರಲ್ಲಿ ಅದು ತಾನೇ ಕಟ್ಟಿ ಬೆಳೆಸಿದ್ದ ಬಿಗ್ ಟೆನ್ ಒಕ್ಕೂಟದಿಂದ ಹೊರಬಂದಿತು.

ಖಾಲಿ ಬಿದ್ದ ಕ್ರೀಡಾಂಗಣಕ್ಕೆ ಯಾರೂ ಊಹಿಸದ ಕೆಲಸವೊಂದು ಬಂತು. ಅದರ ಪಶ್ಚಿಮ ಗ್ಯಾಲರಿಯ ಕೆಳಗಿದ್ದ ಒಳಾಂಗಣ ಅಂಕಣದಲ್ಲಿ ಎನ್ರಿಕೊ ಫರ್ಮಿ ನೇತೃತ್ವದ ವಿಜ್ಞಾನಿಗಳು ಗ್ರ್ಯಾಫೈಟ್ ಇಟ್ಟಿಗೆಗಳನ್ನೂ ಯುರೇನಿಯಮನ್ನೂ ಪೇರಿಸಿ, 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಹಿರೋಶಿಮಾಕ್ಕೂ ಅಣು ವಿದ್ಯುತ್ ಸ್ಥಾವರಗಳಿಗೂ ಹೋಗುವ ದಾರಿ ಆ ಗ್ಯಾಲರಿಯ ಅಡಿಯಿಂದ ಹೊರಟಿತು. ಪ್ರತಿ ಶನಿವಾರ ಸಾವಿರಾರು ಜನ ಮೇಲೆ ಕುಣಿಯುತ್ತಿದ್ದರೆ ಅಲ್ಲಿ ಆ ಪ್ರಯೋಗಕ್ಕೆ ಜಾಗ ಸಿಗುತ್ತಿರಲಿಲ್ಲ. 1957ರಲ್ಲಿ ಗ್ಯಾಲರಿಯನ್ನು ಕೆಡವಲಾಯಿತು. ಹೆನ್ರಿ ಮೂರ್ ರಚಿಸಿದ ಕಂಚಿನ ಶಿಲ್ಪವೊಂದು 1967ರಿಂದ ಆ ಜಾಗವನ್ನು ಗುರುತಿಸುತ್ತದೆ. ಮೈದಾನದ ಮೇಲೆ ಗ್ರಂಥಾಲಯ ಎದ್ದಿತು.

ಉಳಿದವರು ಹಿಡಿದ ದಾರಿ

ಶಿಕಾಗೊ ಹಿಡಿದ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ‘ಐವಿ ಲೀಗ್’ ವಿಶ್ವವಿದ್ಯಾಲಯಗಳು ಆಟ ಉಳಿಸಿಕೊಂಡು, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂದು 1950ರ ದಶಕದಲ್ಲಿ ತಮ್ಮೊಳಗೆ ಕರಾರು ಮಾಡಿಕೊಂಡವು. ಉಳಿದ ದೊಡ್ಡ ವಿಶ್ವವಿದ್ಯಾಲಯಗಳು ಗುಟ್ಟಾಗಿ ನಡೆಯುತ್ತಿದ್ದುದನ್ನು ಬಹಿರಂಗವಾಗಿಯೇ ಮಾಡತೊಡಗಿದವು. ಎನ್‌ಸಿಎಎ 1956ರಲ್ಲಿ, ಆಟದ ಪ್ರತಿಭೆಯೊಂದನ್ನೇ ನೋಡಿ ಬೋಧನಾ ಶುಲ್ಕ, ಊಟ, ವಸತಿಯ ವೆಚ್ಚ ಭರಿಸಲು ಅನುಮತಿ ಕೊಟ್ಟಿತು. ಅದಕ್ಕಿಂತ ಒಂದು ಡಾಲರ್ ಹೆಚ್ಚು ಕೊಟ್ಟರೂ ಅಪರಾಧ.

ಇಲ್ಲಿ ಒಂದು ಕಾನೂನಿನ ತೊಡಕು ಎದುರಾಯಿತು. ಆಡುವುದಕ್ಕೆ ಪ್ರತಿಫಲ ಪಡೆಯುವವನು ನೌಕರನಲ್ಲವೇ? 1953ರಲ್ಲಿ ಕೊಲರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಗಾಯಗೊಂಡ ಆಟಗಾರನೊಬ್ಬನಿಗೆ ಕಾರ್ಮಿಕ ಪರಿಹಾರ ಸಲ್ಲುತ್ತದೆ ಎಂದಿತು. 1951ರಿಂದ 1987ರವರೆಗೆ ಎನ್‌ಸಿಎಎ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ 1995ರ ತಮ್ಮ ನೆನಪಿನ ಪುಸ್ತಕದಲ್ಲಿ, ಇಂಥ ಅಪಾಯ ತಪ್ಪಿಸಲೆಂದೇ ‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಪದವನ್ನು ಹುಟ್ಟುಹಾಕಿ ಎಲ್ಲ ನಿಯಮಗಳಲ್ಲೂ ಬಳಕೆಗೆ ತಂದೆವೆಂದು ಒಪ್ಪಿಕೊಂಡರು. 1955ರಲ್ಲಿ ಅದೇ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಆತನ ಪತ್ನಿ ಪರಿಹಾರ ಕೇಳಿದಳು. 1957ರಲ್ಲಿ ಬಂದ ತೀರ್ಪು ಅವಳ ವಿರುದ್ಧವಾಗಿತ್ತು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿ ತೊಡಗಿಲ್ಲ, ಆದ್ದರಿಂದ ಸತ್ತವನು ಅದರ ನೌಕರನಲ್ಲ ಎಂಬುದು ಅದರ ಸಾರ. ಟಿಕೆಟ್ ಮಾರುವಾಗ ವ್ಯಾಪಾರ, ಪರಿಹಾರ ಕೊಡುವಾಗ ವಿದ್ಯೆ ಎಂಬ ಈ ಇಬ್ಬಗೆ ಲೆಕ್ಕ ಮುಂದೆ ಅರ್ಧ ಶತಮಾನ ನಡೆಯಿತು.

ಟೆಲಿವಿಷನ್ ಬಂದ ಮೇಲೆ ಹಣದ ಪ್ರಮಾಣವೇ ಬದಲಾಯಿತು. ಯಾವ ಪಂದ್ಯ ಪ್ರಸಾರವಾಗಬೇಕು, ಎಷ್ಟು ಸಲ ಎಂಬುದನ್ನು ಎನ್‌ಸಿಎಎ ಒಂದೇ ನಿರ್ಧರಿಸುತ್ತಿತ್ತು. ಒಕ್ಲಹಾಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು. 1984ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು 7-2 ಬಹುಮತದಿಂದ ಆ ಏಕಸ್ವಾಮ್ಯವನ್ನು ರದ್ದುಪಡಿಸಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಒಂದು ಕಾಲದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ. ಕಾಲೇಜು ಆಟವನ್ನು ಸಾಮಾನ್ಯ ವ್ಯಾಪಾರದಂತೆ ನೋಡುವುದು ತಪ್ಪು ಎಂಬುದು ಅವರ ಅಭಿಪ್ರಾಯವಾಗಿತ್ತು. ತೀರ್ಪಿನ ತರುವಾಯ ಒಕ್ಕೂಟಗಳು ತಾವೇ ಟಿ.ವಿ. ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡವು. ತರಬೇತುದಾರರ ಸಂಬಳ ಗಗನಕ್ಕೇರಿತು. ಈಗ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಎಣಿಸುವವನು ರಾಜ್ಯಪಾಲನಲ್ಲ, ವಿಶ್ವವಿದ್ಯಾಲಯದ ಅಧ್ಯಕ್ಷನೂ ಅಲ್ಲ, ತರಬೇತುದಾರ.

ಯಾರ ದುಡ್ಡಿನಲ್ಲಿ ಯಾರ ಆಟ?

ಹಾಗಿದ್ದರೆ ಆಟದಿಂದ ಪಾಠಕ್ಕೆ ಲಾಭವಾಗುತ್ತಿದೆಯೇ? ಬೆಂಬಲಿಸುವವರ ವಾದದಲ್ಲಿ ತಿರುಳಿಲ್ಲವೆಂದಲ್ಲ. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಗಳಿಸಿದ ಹಣದಲ್ಲೇ ಈಜು, ಕುಸ್ತಿ, ಓಟ ಮುಂತಾದವು ನಡೆಯುತ್ತವೆ. 1972ರ ಕಾನೂನಿನ ನಂತರ ಬೆಳೆದ ಮಹಿಳಾ ಕ್ರೀಡೆಗೂ ಅದೇ ಆಸರೆಯಾಯಿತು. ಬಡ ಮನೆಯ ಎಷ್ಟೋ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದದ್ದು ಆಟದ ವಿದ್ಯಾರ್ಥಿವೇತನ. ತಂಡ ಗೆದ್ದರೆ ಪ್ರವೇಶದ ಅರ್ಜಿಗಳೂ ದಾನಿಗಳ ಉತ್ಸಾಹವೂ ಹೆಚ್ಚುತ್ತವೆ ಎನ್ನುತ್ತಾರೆ.

ಆದರೆ ಜಮಾಖರ್ಚು ಬೇರೆಯೇ ಚಿತ್ರ ಕೊಡುತ್ತದೆ. ಎನ್‌ಸಿಎಎ ತಾನೇ ಪ್ರಕಟಿಸಿದ 2019ರ ಅಂಕಿಅಂಶದಂತೆ ಫುಟ್‌ಬಾಲ್‌ನ ಅತ್ಯುನ್ನತ ಶ್ರೇಣಿಯಲ್ಲಿದ್ದ 130 ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗದ ಸ್ವಂತ ಆದಾಯ ಖರ್ಚನ್ನು ಮೀರಿದ್ದು 25ರಲ್ಲಿ ಮಾತ್ರ. ಉಳಿದ ಕಡೆ ಕೊರತೆ ತುಂಬಿದ್ದು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿ ಮತ್ತು ಎಲ್ಲ ವಿದ್ಯಾರ್ಥಿಗಳಿಂದ ವಸೂಲಾದ ಶುಲ್ಕ. ಒಮ್ಮೆಯೂ ಗ್ಯಾಲರಿ ಹತ್ತದ ವಿದ್ಯಾರ್ಥಿಯೂ ಅದರಲ್ಲಿ ಪಾಲು ತೆರುತ್ತಾನೆ. ಲಾಭ ಮಾಡಿದ ಕಡೆಯಾದರೂ ಆ ಹಣದ ಬಹುಭಾಗ ಹೊಸ ತಾಲೀಮು ಕಟ್ಟಡಕ್ಕೆ, ಇನ್ನೂ ದುಬಾರಿ ತರಬೇತುದಾರನಿಗೆ ಹೋಗುತ್ತದೆ. ತತ್ವಶಾಸ್ತ್ರ ವಿಭಾಗಕ್ಕೋ ಗ್ರಂಥಾಲಯಕ್ಕೋ ಹರಿಯುವುದು ಅಪರೂಪ. ಗೆಲ್ಲುವವನು ಒಬ್ಬನೇ ಇರುವ ಪಂದ್ಯದಲ್ಲಿ ಎಲ್ಲರೂ ಗೆಲ್ಲಲೆಂದು ಖರ್ಚು ಮಾಡಿದರೆ ಬಹುಪಾಲು ಜನ ಕಳೆದುಕೊಳ್ಳಲೇಬೇಕು. 1920ರ ದಶಕದಲ್ಲಿ ಬಾಂಡ್ ಮಾರಿ ಗ್ಯಾಲರಿ ಕಟ್ಟಿದವರಿಗೆ ಇದ್ದ ಒತ್ತಡವೇ ಇಂದಿನವರಿಗೂ ಇದೆ, ಸೊನ್ನೆಗಳು ಹೆಚ್ಚಿವೆ ಅಷ್ಟೆ.

ಇಷ್ಟೆಲ್ಲ ಹಣದ ನಡುವೆ ಆಟಗಾರನಿಗೆ ಮಾತ್ರ ಸಂಬಳವಿಲ್ಲ ಎಂಬ ನಿಯಮ ಕಡೆಗೂ ಕುಸಿಯಿತು. 2021ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪು ಕೊಟ್ಟರು. ಅದರ ಬೆನ್ನಲ್ಲೇ, ಜಾಹೀರಾತುಗಳಿಗೆ ತಮ್ಮ ಹೆಸರು, ಚಿತ್ರ ಬಳಸಲು ಬಿಟ್ಟು ಹಣ ಪಡೆಯುವ ಹಕ್ಕು ಆಟಗಾರರಿಗೆ ದೊರೆಯಿತು. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ಇನ್ನೊಂದು ರಾಜಿಯಂತೆ ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. ಮುಂದಕ್ಕೆ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. 2025-26ನೇ ಸಾಲಿಗೆ ಅದರ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆಟಗಾರನಿಗೆ ನ್ಯಾಯ ಸಿಕ್ಕಿತು ಎನ್ನುವವರೂ ಈ ಹೊಸ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ಕೊರತೆಯಲ್ಲಿರುವ ವಿಭಾಗ ಮತ್ತೆ ವಿದ್ಯಾರ್ಥಿ ಶುಲ್ಕದ ಕಡೆಗೇ ಕೈ ಚಾಚುತ್ತದೆ ಎಂಬ ಅಂಜಿಕೆ ಅಧ್ಯಾಪಕರಲ್ಲಿದೆ.

ಶಿಕಾಗೊ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಮರಳಿತು ಎಂಬುದನ್ನೂ ಹೇಳಬೇಕು. 1960ರ ದಶಕದ ಆರಂಭದಲ್ಲಿ ಅದನ್ನು ಮತ್ತೆ ಶುರುಮಾಡಲು ಹೊರಟಾಗ ಕೆಲವು ವಿದ್ಯಾರ್ಥಿಗಳು ಮೈದಾನದಲ್ಲೇ ಕುಳಿತು ಪ್ರತಿಭಟಿಸಿದ್ದರು. 1969ರಲ್ಲಿ ಅಧಿಕೃತ ತಂಡ ಅಂಗಳಕ್ಕಿಳಿಯಿತು. ಅದು ಆಡುತ್ತಿರುವುದು ಎನ್‌ಸಿಎಎ ಮೂರನೇ ಶ್ರೇಣಿಯಲ್ಲಿ. ಆ ಶ್ರೇಣಿಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಳೆಯ ಅಂಗಳದಿಂದ ಸ್ವಲ್ಪ ದೂರದಲ್ಲಿರುವ ಹೊಸ ಮೈದಾನಕ್ಕೂ ಸ್ಟ್ಯಾಗ್ ಅವರ ಹೆಸರೇ ಇದೆ. ತಂಡ ಸೋತರೆ ಯಾವ ಸಾಲದ ಕಂತೂ ತಪ್ಪುವುದಿಲ್ಲ, ಗೆದ್ದರೆ ಯಾರ ಸಂಬಳವೂ ಕೋಟಿಗೆ ಏರುವುದಿಲ್ಲ.

102 ವರ್ಷ ಬದುಕಿದ ಸ್ಟ್ಯಾಗ್ 1965ರಲ್ಲಿ ತೀರಿಕೊಂಡರು. ಅವರು ಕಟ್ಟಿಸಿದ ಗ್ಯಾಲರಿಗಳ ಜಾಗದಲ್ಲಿ ಈಗ ಪುಸ್ತಕದ ಕಪಾಟುಗಳಿವೆ. ಅಲ್ಲಿ ಕನ್ನಡದ ಪುಸ್ತಕವೊಂದನ್ನು ತೆಗೆದುಕೊಂಡು ಓದಲು ಕೂರುವ ವಿದ್ಯಾರ್ಥಿಗೆ, ಆ ನೆಲ ತನ್ನ ಕೈಗೆ ಬರಬೇಕಾದರೆ ಒಂದು ವಿಶ್ವವಿದ್ಯಾಲಯ ಐವತ್ತು ಸಾವಿರ ಟಿಕೆಟ್ಟುಗಳ ಆಸೆಯನ್ನು ಬಿಡಬೇಕಾಯಿತು ಎಂಬುದು ಗೊತ್ತಿರಲಿಕ್ಕಿಲ್ಲ.